22 ಸಿಸ್ಟಮ್‌ನ ಸಿಎ ಆಫೀಸಿಗೆ ಆ್ಯಪ್ಲಿಕೇಶನ್ ಕಂಟ್ರೋಲ್: ಯಾವುದನ್ನು ಆರಿಸೋದು?

ಫೋರ್ಟ್_ಸಿಎ_ಆಫೀಸು

ಎಲ್ಲರಿಗೂ ನಮಸ್ಕಾರ. ಮುಂಬೈ ಫೋರ್ಟ್‌ನಲ್ಲಿ ನಮ್ಮದು ಸಿಎ ಆಫೀಸು. 22 ಸಿಸ್ಟಮ್, ಒಂದು ಸರ್ವರ್, ಡೊಮೈನ್ ಇದೆ. ಐಟಿಗೆ ಅಂತ ಬೇರೆ ಜನ ಇಲ್ಲ. ವಾರಕ್ಕೊಮ್ಮೆ ಹೊರಗಿನ ಎಂಜಿನಿಯರ್ ಬರುತ್ತಾರೆ, ಉಳಿದ ದಿನ ನಾನೇ ನೋಡಿಕೊಳ್ಳುತ್ತೇನೆ.

ನಮ್ಮ ಬಿಲ್ಡಿಂಗ್‌ನಲ್ಲೇ ಇನ್ನೊಂದು ಆಫೀಸಿಗೆ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಹೊಕ್ಕು ಕ್ಲೈಂಟ್‌ಗಳ ಟ್ಯಾಲಿ ಡೇಟಾ ಪೂರಾ ಹೋಯಿತು. ಇನ್‌ವಾಯ್ಸ್ ಅಂತ ಬಂದ ಮೇಲ್‌ನಲ್ಲಿದ್ದ ಜಿಪ್ ಬಿಚ್ಚಿ, ಒಳಗಿದ್ದುದನ್ನು ಒತ್ತಿದ್ದಾರೆ. ಆಂಟಿವೈರಸ್ ಇತ್ತು, ಅಪ್‌ಡೇಟ್ ಕೂಡ ಆಗಿತ್ತು. ಅದನ್ನು ನೋಡಿದ ಮೇಲೆ ನಮ್ಮ ಪಾರ್ಟ್‌ನರ್‌ಗಳು "ನಾವು ಒಪ್ಪದ ಪ್ರೋಗ್ರಾಂ ಯಾವ ಸಿಸ್ಟಮ್‌ನಲ್ಲೂ ಓಡಬಾರದು, ಅಂಥದ್ದೊಂದು ಹಾಕಿಸಿ" ಎಂದಿದ್ದಾರೆ.

ಮೂರು ಕಡೆಯವರು ಬಂದು ಮಾತಾಡಿ ಹೋದರು. ಮೂವರ ಕೊಟೇಶನ್‌ನಲ್ಲೂ ಆ್ಯಪ್ಲಿಕೇಶನ್ ಕಂಟ್ರೋಲ್ ಎಂಬ ಸಾಲಿದೆ. ಆದರೆ ಒಬ್ಬರ ರೇಟು ಇನ್ನೊಬ್ಬರದಕ್ಕಿಂತ ಮೂರು ಪಟ್ಟು ಜಾಸ್ತಿ. ಯಾಕೆ ಅಂತ ಗೊತ್ತಾಗುತ್ತಿಲ್ಲ.

ನಮ್ಮಲ್ಲಿ ಓಡುವವು: ಟ್ಯಾಲಿಪ್ರೈಮ್, ಎಕ್ಸೆಲ್, ಜಿಎಸ್‌ಟಿ ಆಫ್‌ಲೈನ್ ಟೂಲ್, ಟಿಡಿಎಸ್ ರಿಟರ್ನ್ ತಯಾರಿಸುವ ಆರ್‌ಪಿಯು, ಐಟಿಆರ್ ಯುಟಿಲಿಟಿ, ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್‌ಗಳ ಡ್ರೈವರ್, ಆ ಸಹಿ ಹಾಕಿಸುವ ಎಮ್‌ಸೈನರ್, ಮತ್ತೆ ಸಪೋರ್ಟ್‌ನವರು ದೂರದಿಂದ ಸಿಸ್ಟಮ್ ನೋಡಲು ಎನಿಡೆಸ್ಕ್. ಎಲ್ಲ ವಿಂಡೋಸ್ 11 ಪ್ರೊ. ಇಂಥ ಆಫೀಸಿನಲ್ಲಿ ಮಾಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಭೋಸರಿ_ಸಿಸ್ಟಮ್ಸ್

ಮೇಡಂ, ಮೂವರೂ ಒಂದೇ ಸಾಮಾನು ಮಾರುತ್ತಿಲ್ಲ. ಅದಕ್ಕೇ ರೇಟಿನಲ್ಲಿ ಅಷ್ಟು ವ್ಯತ್ಯಾಸ.

ಒಂದು ಬಗೆಯದು ಬೇಡದ್ದರ ಪಟ್ಟಿ ಇಟ್ಟುಕೊಳ್ಳುತ್ತದೆ. ಟೊರೆಂಟ್, ಗೇಮ್, ಚಾಟ್ ಅಂತ ವರ್ಗ ಮಾಡಿರುತ್ತಾರೆ, ನೀವು ಟಿಕ್ ಹಾಕಿದ್ದನ್ನು ತಡೆಯುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ಆರಾಮಾಗಿ ಓಡುತ್ತದೆ. ಇನ್ನೊಂದು ಬಗೆಯದು ಒಪ್ಪಿದ್ದರ ಪಟ್ಟಿ ಇಟ್ಟುಕೊಳ್ಳುತ್ತದೆ. ಅದರಲ್ಲಿ ಇಲ್ಲದ್ದು ಏನೂ ಓಡದು. ನಿಮ್ಮ ಪಾರ್ಟ್‌ನರ್‌ಗಳು ಕೇಳುತ್ತಿರುವುದು ಈ ಎರಡನೆಯದು. ನಿನ್ನೆ ರಾತ್ರಿ ಯಾರೋ ಹೊಸದಾಗಿ ಕಟ್ಟಿದ ರ‍್ಯಾನ್ಸಮ್‌ವೇರ್ ಯಾವ ವರ್ಗದಲ್ಲೂ ಇರುವುದಿಲ್ಲ, ಅಲ್ವಾ.

ಯಾವುದು ಯಾವುದು ಅಂತ ತಿಳಿಯಲು ಬ್ರೋಶರ್ ಓದಬೇಡಿ, ಡೆಮೊದಲ್ಲೇ ಪರೀಕ್ಷೆ ಮಾಡಿಸಿ. ನಿಮ್ಮ ಎಂಜಿನಿಯರ್ ಹತ್ತಿರ ನಾಲ್ಕು ಸಾಲಿನ ಒಂದು ಪ್ರೋಗ್ರಾಂ ಬರೆಸಿ. "ನಮಸ್ಕಾರ" ಅಂತ ತೋರಿಸಿದರೆ ಸಾಕು. ಅದನ್ನು ಅಲ್ಲೇ ಕಂಪೈಲ್ ಮಾಡಿಸಿ. ಪ್ರಪಂಚದಲ್ಲಿ ಬೇರೆ ಯಾರ ಹತ್ತಿರವೂ ಆ ಫೈಲ್ ಇರುವುದಿಲ್ಲ, ಅದಕ್ಕೆ ತಯಾರಕರ ಡಿಜಿಟಲ್ ಸಹಿಯೂ ಇರುವುದಿಲ್ಲ. ಪೆನ್‌ಡ್ರೈವ್‌ಗೆ ಹಾಕಿ, ಡೆಮೊ ಲ್ಯಾಪ್‌ಟಾಪ್‌ನ ನೆಟ್ ತೆಗೆದು, ಸಾಮಾನ್ಯ ಯೂಸರ್ ಆಗಿ ಡಬಲ್ ಕ್ಲಿಕ್ ಮಾಡಿ. ಕಿಟಕಿ ತೆರೆದು "ನಮಸ್ಕಾರ" ಬಂದರೆ ಆ ಕೊಟೇಶನ್ ಪಕ್ಕಕ್ಕಿಡಿ. ಆಮೇಲೆ ಡೌನ್‌ಲೋಡ್ಸ್ ಫೋಲ್ಡರ್‌ಗೆ ಕಾಪಿ ಮಾಡಿ ಒತ್ತಿ, ಡೆಸ್ಕ್‌ಟಾಪ್‌ಗೆ ಹಾಕಿ ಒತ್ತಿ. ನೆಟ್ ಇಲ್ಲದಾಗಲೂ ತಡೆಯಬೇಕು. ಕ್ಲೌಡ್ ಕೇಳಿಕೊಂಡು ತೀರ್ಮಾನಿಸುವ ಎಷ್ಟೋ ಉತ್ಪನ್ನಗಳು ಇಲ್ಲೇ ಕೈಕೊಡುತ್ತವೆ.

ಠಾಣೆ_ರೀಸೆಲರ್

ನಾನು ಈ ಸಾಮಾನು ಮಾರುವವನು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಭೋಸರಿ ಸರ್ ಹೇಳಿದ ಪರೀಕ್ಷೆ ಸರಿಯಾಗಿದೆ. ಸೆಕ್‌ರೈಟ್ ಸೇರಿ ಹೆಚ್ಚಿನ ಎಂಡ್‌ಪಾಯಿಂಟ್ ಪ್ಯಾಕೇಜ್‌ಗಳಲ್ಲಿ ಆ್ಯಪ್ಲಿಕೇಶನ್ ಕಂಟ್ರೋಲ್ ಇರುತ್ತದೆ, ಆದರೆ ಯಾವ ಲೈಸೆನ್ಸ್‌ನಲ್ಲಿ ಎಷ್ಟು ಸಿಗುತ್ತದೆ ಎಂಬುದು ಬೇರೆ ಬೇರೆ. ಥ್ರೆಟ್‌ಲಾಕರ್, ಏರ್‌ಲಾಕ್ ಡಿಜಿಟಲ್, ಕಾರ್ಬನ್ ಬ್ಲ್ಯಾಕ್ ಆ್ಯಪ್ ಕಂಟ್ರೋಲ್ ಇವು ಒಪ್ಪಿದ್ದರ ಪಟ್ಟಿಗೆಂದೇ ಕಟ್ಟಿದವು. ಮೇಡಂ ಹೇಳಿದ ಮೂರು ಪಟ್ಟು ರೇಟು ಇಂಥದ್ದರದೇ ಇರಬೇಕು.

ಒಂದು ಮಾತು ಸೇರಿಸುತ್ತೇನೆ. ಕೊಟೇಶನ್‌ನಲ್ಲಿ ಲೈಸೆನ್ಸ್ ಬೆಲೆ ಮಾತ್ರ ನೋಡಬೇಡಿ. ಮೊದಲ ಪಟ್ಟಿ ಕಟ್ಟಿಕೊಡುವುದು ಯಾರ ಕೆಲಸ, ಆಮೇಲೆ ಹೊಸ ಪ್ರೋಗ್ರಾಂ ಬಂದಾಗ ಒಪ್ಪಿಗೆ ಕೊಡುವವರು ಯಾರು, ಎಷ್ಟು ಹೊತ್ತಿನೊಳಗೆ ಕೊಡುತ್ತಾರೆ, ಇದನ್ನು ಬರೆದು ಕೊಡಿ ಅಂತ ಕೇಳಿ. ಬರೆದು ಕೊಡದವರ ಹತ್ತಿರ ತಗೊಳ್ಳಬೇಡಿ, ನಾನಾಗಿದ್ದರೂ ಅಷ್ಟೇ.

ಹಿಂಜವಡಿ_ಸೆಕ್ಯುರಿಟಿ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಐಟಿ ಜನ ಇಲ್ಲದ ಆಫೀಸಿಗೆ ಒಪ್ಪಿದ್ದರ ಪಟ್ಟಿ ದೊಡ್ಡ ತಲೆನೋವು. ತಿಂಗಳ ಜಿಎಸ್‌ಟಿ ರಿಟರ್ನ್ ಜಿಎಸ್‌ಟಿಆರ್-3ಬಿ ಕೊಡುವುದು 20ನೇ ತಾರೀಕು. ಅವತ್ತು ಸಂಜೆ ಯಾವುದೋ ಯುಟಿಲಿಟಿ ಅಪ್‌ಡೇಟ್ ಕೇಳುತ್ತದೆ, ಹೊಸ ಫೈಲ್ ಪಟ್ಟಿಯಲ್ಲಿ ಇಲ್ಲ, ಓಡುವುದಿಲ್ಲ. ಮೇಡಂ ಫೋನ್ ಮೇಲೆ ಫೋನ್ ಮಾಡುತ್ತಾರೆ. ಎಂಜಿನಿಯರ್ ಬರುವುದು ವಾರಕ್ಕೊಮ್ಮೆ. ಎರಡು ಸಲ ಹೀಗಾದರೆ ಪಾರ್ಟ್‌ನರ್‌ಗಳೇ "ತೆಗೆದುಹಾಕಿ" ಅನ್ನುತ್ತಾರೆ. ಇಂಥ ಕಡೆ ಒಳ್ಳೆಯ ಇಡಿಆರ್ (ಓಡುವ ಪ್ರೋಗ್ರಾಂಗಳ ನಡವಳಿಕೆ ಗಮನಿಸಿ ಅನುಮಾನ ಬಂದರೆ ಹಿಡಿಯುವ ಸಾಫ್ಟ್‌ವೇರ್), ಅದನ್ನು 24 ಗಂಟೆ ನೋಡುವ ಸರ್ವಿಸ್, ಜೊತೆಗೆ ಗಟ್ಟಿ ಬ್ಯಾಕಪ್ ಇದ್ದರೆ ಖರ್ಚು ಮಾಡಿದ್ದಕ್ಕೆ ಬೆಲೆ ಬರುತ್ತದೆ.

ಭೋಸರಿ_ಸಿಸ್ಟಮ್ಸ್

ಹಿಂಜವಡಿ ಸರ್, ನೀವು ಹೇಳುವ 20ನೇ ತಾರೀಕಿನ ಸಂಜೆ ನಿಜ. ಆದರೆ ಅದಕ್ಕೆ ಪರಿಹಾರ ಪಟ್ಟಿ ಬಿಡುವುದರಲ್ಲಿಲ್ಲ. ಒಪ್ಪಿಗೆ ಕೊಡುವ ಅಧಿಕಾರವನ್ನು ಆಫೀಸಿನೊಳಗೇ ಇಬ್ಬರಿಗೆ ಕೊಡುವುದರಲ್ಲಿದೆ. ಇಡಿಆರ್ ಬೇಡ ಅನ್ನುತ್ತಿಲ್ಲ. ಇಡಿಆರ್ ಹೆಚ್ಚಾಗಿ ಹಿಡಿಯುವುದು ಪ್ರೋಗ್ರಾಂ ಓಡಿದ ಮೇಲೆ. 22 ಸಿಸ್ಟಮ್‌ನಲ್ಲಿ ಒಬ್ಬರ ಡಬಲ್ ಕ್ಲಿಕ್‌ನಿಂದ ಸರ್ವರ್‌ನ ಶೇರ್ ಫೋಲ್ಡರ್ ಲಾಕ್ ಆಗಲು ಎಷ್ಟು ಹೊತ್ತು ಬೇಕು? ಓಡುವುದನ್ನೇ ತಡೆದರೆ ಆ ಓಟವೇ ಶುರುವಾಗುವುದಿಲ್ಲ.

ಇದು ನನ್ನೊಬ್ಬನ ಹಟ ಅಲ್ಲ. ಆಸ್ಟ್ರೇಲಿಯಾ ಸರ್ಕಾರದ ಎಸೆನ್ಷಿಯಲ್ ಎಯ್ಟ್ ಎಂಬ ಎಂಟು ಕ್ರಮಗಳಲ್ಲಿ ಆ್ಯಪ್ಲಿಕೇಶನ್ ಕಂಟ್ರೋಲ್ ಒಂದು. ನಮ್ಮ ರಿಸರ್ವ್ ಬ್ಯಾಂಕ್ 2016ರ ಜೂನ್‌ನಲ್ಲಿ ಬ್ಯಾಂಕುಗಳಿಗೆ ಕೊಟ್ಟ ಸೈಬರ್ ಚೌಕಟ್ಟಿನಲ್ಲೂ ಒಪ್ಪಿದ ಸಾಫ್ಟ್‌ವೇರ್‌ಗಳ ಪಟ್ಟಿಯ ಮಾತಿದೆ. 2018ರಲ್ಲಿ ಎಟಿಎಂಗಳಿಗೆ ಅದನ್ನೇ ಗಡುವು ಕೊಟ್ಟು ಮಾಡಿಸಿದರು. ಎಟಿಎಂನಲ್ಲಿ ಓಡುವ ಪ್ರೋಗ್ರಾಂಗಳು ಬೆರಳೆಣಿಕೆಯಷ್ಟು, ಹಾಗಾಗಿ ಅಲ್ಲಿ ಸುಲಭ. ಸಿಎ ಆಫೀಸಿನಲ್ಲಿ ಅಷ್ಟು ಸುಲಭ ಇಲ್ಲ, ಒಪ್ಪುತ್ತೇನೆ. ಆದರೂ ಮೇಡಂ ಬರೆದ ಪಟ್ಟಿ ನೋಡಿ, ಎಂಟು ಹೆಸರು. ಡಿಸೈನ್ ಸ್ಟುಡಿಯೋ ಅಥವಾ ಸಾಫ್ಟ್‌ವೇರ್ ಕಂಪನಿ ಆಗಿದ್ದರೆ ನಾನೂ ಹಿಂದೆಮುಂದೆ ನೋಡುತ್ತಿದ್ದೆ.

ಮೇಡಂ, ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ವಿಂಡೋಸ್‌ನಲ್ಲೇ ಒಪ್ಪಿದ್ದರ ಪಟ್ಟಿ ಇಡುವ ಆ್ಯಪ್‌ಲಾಕರ್ ಇದೆ. ವಿಂಡೋಸ್ 7ರ ಕಾಲದಿಂದ ಇದೆ. ಮೊದಲು ಎಂಟರ್‌ಪ್ರೈಸ್ ಲೈಸೆನ್ಸ್ ಬೇಕಿತ್ತು. ಈಗ ಪ್ರೊದಲ್ಲೂ ಗ್ರೂಪ್ ಪಾಲಿಸಿಯಿಂದ (ಸಿಸ್ಟಮ್‌ಗಳಿಗೆ ನಿಯಮ ಹಾಕುವ ವಿಂಡೋಸ್‌ನ ಸೌಲಭ್ಯ) ನಡೆಯುತ್ತದೆ. ಅದನ್ನು ಆಡಿಟ್ ಮೋಡ್‌ನಲ್ಲಿ ಹಾಕಿಸಿ. ಆಡಿಟ್ ಮೋಡ್‌ನಲ್ಲಿ ಏನನ್ನೂ ತಡೆಯುವುದಿಲ್ಲ, "ಇದನ್ನು ತಡೆಯಬೇಕಾಗಿತ್ತು" ಅಂತ ಬರೆದಿಡುತ್ತದೆ ಅಷ್ಟೇ. ಇವೆಂಟ್ ವ್ಯೂವರ್‌ನಲ್ಲಿ ಆ್ಯಪ್‌ಲಾಕರ್ ಲಾಗ್ ತೆರೆದರೆ 8003 ಎಂಬ ನಂಬರಿನ ಸಾಲುಗಳು ಕಾಣುತ್ತವೆ. ಪ್ರತಿ ಸಾಲಿನಲ್ಲೂ ಯಾವ ಫೈಲು, ಯಾವ ಫೋಲ್ಡರು, ಯಾವ ಯೂಸರ್ ಅಂತ ಇರುತ್ತದೆ. ಸ್ಕ್ರಿಪ್ಟ್ ಮತ್ತು ಇನ್‌ಸ್ಟಾಲರ್‌ಗಳದ್ದು ಪಕ್ಕದ ಲಾಗ್‌ನಲ್ಲಿ 8006 ಅಂತ ಬರುತ್ತದೆ.

ಆ ಸಾಲುಗಳನ್ನು ಎಕ್ಸೆಲ್‌ಗೆ ತೆಗೆದು ಓದಿ. ನಿಮ್ಮ ಆಫೀಸಿನಲ್ಲಿ ನಿಜವಾಗಿ ಏನು ಓಡುತ್ತಿದೆ ಅಂತ ಮೊದಲ ಸಲ ಕಾಣುತ್ತದೆ. ನಮ್ಮ ಕಾರ್ಖಾನೆಯಲ್ಲಿ ನೋಡಿದಾಗ ಮೂರು ಬೇರೆ ಬೇರೆ ಪಿಡಿಎಫ್ ಕನ್ವರ್ಟರ್, ಯಾರೋ ಬಿಟ್ಟುಹೋದ ಟೀಮ್‌ವ್ಯೂವರ್, ಸ್ಟೋರ್ಸ್ ಸಿಸ್ಟಮ್‌ನಲ್ಲಿ ಒಂದು ಕ್ರ್ಯಾಕ್ ಮಾಡಿದ ಡ್ರಾಯಿಂಗ್ ಸಾಫ್ಟ್‌ವೇರ್ ಕಂಡವು. ಯಾವ ಆಂಟಿವೈರಸ್ ರಿಪೋರ್ಟ್‌ನಲ್ಲೂ ಇವು ಇರಲಿಲ್ಲ.

ಎಷ್ಟು ದಿನ ಆಡಿಟ್ ಮೋಡ್ ಅಂತ ಮಾರುವವರನ್ನು ಕೇಳಿದರೆ ಎರಡು ವಾರ ಅನ್ನುತ್ತಾರೆ. ನಿಮಗೆ ಅದು ಸಾಲದು. ಟಿಡಿಎಸ್ ರಿಟರ್ನ್ ಮೂರು ತಿಂಗಳಿಗೊಮ್ಮೆ. ಆರ್‌ಪಿಯು ತೆರೆಯುವುದೇ ಆಗ. ಒಂದು ಪೂರ್ತಿ ತ್ರೈಮಾಸಿಕ ಮುಗಿಯುವ ತನಕ ನೋಡಿ, ಇಲ್ಲದಿದ್ದರೆ ಕೊನೇ ದಿನ ಅದು ಪಟ್ಟಿಯಲ್ಲಿ ಇಲ್ಲ ಅಂತ ಗೊತ್ತಾಗುತ್ತದೆ.

ಮಾಟುಂಗ_ಹೋಟೆಲ್

ನಾನೂ ಒಂದು ಪ್ರಶ್ನೆ ಕೇಳಲಾ? ನಮ್ಮದು ಮಾಟುಂಗದಲ್ಲಿ ಹೋಟೆಲ್. ಬಿಲ್ಲಿಂಗ್‌ಗೆ ಎರಡು, ಕಿಚನ್ ಆರ್ಡರ್‌ಗೆ ಒಂದು, ಆಫೀಸಿಗೆ ಒಂದು ಸಿಸ್ಟಮ್. ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟವರು ಊರಿನವರೇ, ಹಳೇ ಫಾಕ್ಸ್‌ಪ್ರೊದಲ್ಲಿ ಮಾಡಿದ್ದು. ರೇಟ್ ಬದಲಾದರೆ, ಜಿಎಸ್‌ಟಿ ಬದಲಾದರೆ ಹೊಸ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ, ನಮ್ಮ ಹುಡುಗ ಹಳೆಯದರ ಮೇಲೆ ಹಾಕುತ್ತಾನೆ. ಇಷ್ಟು ವರ್ಷ ತೊಂದರೆ ಇರಲಿಲ್ಲ ಮಾರಾಯ್ರೆ. ಈಗ ಇದನ್ನೆಲ್ಲ ಓದಿ ಭಯ ಆಗುತ್ತಿದೆ. ನಮ್ಮಂಥ ಸಣ್ಣವರಿಗೂ ಇದು ಬೇಕಾ?

ಭೋಸರಿ_ಸಿಸ್ಟಮ್ಸ್

ಬೇಕು ಅಣ್ಣ, ಆದರೆ ನೀವು ಏನನ್ನೂ ಕೊಳ್ಳಬೇಕಾಗಿಲ್ಲ. ನಾಲ್ಕೂ ಸಿಸ್ಟಮ್‌ನಲ್ಲಿ ವಿಂಡೋಸ್ ಪ್ರೊ ಇದೆಯಾ ನೋಡಿ. ಹೋಮ್ ಆದರೆ ಗ್ರೂಪ್ ಪಾಲಿಸಿ ಎಡಿಟರ್ ಬರುವುದಿಲ್ಲ. ಬಿಲ್ ಹಾಕುವ ಹುಡುಗರ ಲಾಗಿನ್ ಅಡ್ಮಿನ್ ಆಗಿರಬಾರದು. ಇದು ಎಲ್ಲಕ್ಕಿಂತ ಮುಖ್ಯ. ಆ್ಯಪ್‌ಲಾಕರ್‌ನ ಡೀಫಾಲ್ಟ್ ನಿಯಮದಲ್ಲಿ ವಿಂಡೋಸ್ ಮತ್ತು ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ನಲ್ಲಿರುವುದು ಎಲ್ಲರಿಗೂ ಓಡುತ್ತದೆ, ಅಡ್ಮಿನ್‌ಗೆ ಎಲ್ಲವೂ ಓಡುತ್ತದೆ. ಎಲ್ಲರೂ ಅಡ್ಮಿನ್ ಆದರೆ ನಿಯಮ ಇದ್ದೂ ಇಲ್ಲದಂತೆ.

ಈಗ ನಿಮ್ಮ ಫಾಕ್ಸ್‌ಪ್ರೊ ವಿಷಯ. ನಿಯಮ ಬರೆಯಲು ಮೂರು ದಾರಿ ಇವೆ. ತಯಾರಕರ ಡಿಜಿಟಲ್ ಸಹಿ ನೋಡಿ ಬಿಡುವುದು, ಫೋಲ್ಡರ್ ನೋಡಿ ಬಿಡುವುದು, ಫೈಲಿನ ಹ್ಯಾಶ್ (ಬೆರಳಚ್ಚಿನಂತೆ ಆ ಫೈಲಿಗಷ್ಟೇ ಇರುವ ಗುರುತು) ನೋಡಿ ಬಿಡುವುದು. ನಿಮ್ಮ ಬಿಲ್ಲಿಂಗ್ ಫೈಲಿಗೆ ಸಹಿ ಇಲ್ಲ. ಫೋಲ್ಡರ್ ನಿಯಮ ಹಾಕೋಣ ಅಂದರೆ ಡಿಬಿಎಫ್ ಡೇಟಾ ಕೂಡ ಅದೇ ಫೋಲ್ಡರ್‌ನಲ್ಲಿ ಕೂತಿರುತ್ತದೆ, ಹುಡುಗರ ಲಾಗಿನ್‌ಗೆ ಅಲ್ಲಿ ಬರೆಯುವ ಅನುಮತಿ ಬೇಕೇ ಬೇಕು. ಬರೆಯಬಲ್ಲ ಫೋಲ್ಡರ್‌ನಿಂದ ಓಡಲು ಬಿಟ್ಟರೆ ವೈರಸ್ ಕೂಡ ಅಲ್ಲೇ ಬಂದು ಕೂತು ಓಡುತ್ತದೆ. ಉಳಿದದ್ದು ಹ್ಯಾಶ್. ಆ ಒಂದು ಫೈಲಿನ ಹ್ಯಾಶ್ ಪಟ್ಟಿಗೆ ಸೇರಿಸಿ. ಊರಿನವರು ಹೊಸ ಫೈಲ್ ಕಳಿಸಿದಾಗ ಫೋನ್‌ನಲ್ಲಿ ಅವರ ದನಿ ಕೇಳಿ ಖಾತ್ರಿ ಮಾಡಿಕೊಂಡು, ಅಡ್ಮಿನ್ ಲಾಗಿನ್‌ನಿಂದ ಹೊಸ ಹ್ಯಾಶ್ ಹಾಕಿ. ವರ್ಷಕ್ಕೆ ಕೆಲವೇ ಸಲ ಬರುವ ಕೆಲಸ, ಮಾಡಬಹುದು. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ನೇರವಾಗಿ ಮೇಲೆ ಹಾಕುವುದು ಮಾತ್ರ ಇವತ್ತೇ ನಿಲ್ಲಿಸಿ.

ವೆರ್ಣಾ_ಲ್ಯಾಬ್

ಗೋವಾ ವೆರ್ಣಾದ ಔಷಧ ಕಾರ್ಖಾನೆಯ ಲ್ಯಾಬಿನಿಂದ ಬರೆಯುತ್ತಿದ್ದೇನೆ. ನಮ್ಮ ಕಡೆ ಔಷಧ ಪರೀಕ್ಷಿಸುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಜೋಡಿಸಿದ ಸಿಸ್ಟಮ್‌ಗಳಲ್ಲಿ ಒಪ್ಪಿದ್ದರ ಪಟ್ಟಿ ಹಾಕಿದ್ದೇವೆ. ಅಲ್ಲಿ ತುಂಬ ಚೆನ್ನಾಗಿ ನಡೆಯುತ್ತದೆ. ಕಾರಣ, ವ್ಯಾಲಿಡೇಟ್ ಮಾಡಿದ (ಪರೀಕ್ಷಿಸಿ ದಾಖಲಿಸಿದ) ಸಿಸ್ಟಮ್‌ನಲ್ಲಿ ಚೇಂಜ್ ಕಂಟ್ರೋಲ್, ಅಂದರೆ ಬದಲಾವಣೆಗೆ ಲಿಖಿತ ಒಪ್ಪಿಗೆ, ಇಲ್ಲದೆ ಏನನ್ನೂ ಬದಲಾಯಿಸುವಂತಿಲ್ಲ. ಅಮೆರಿಕಕ್ಕೆ ಮಾಲು ಕಳಿಸುವವರಿಗೆ 21 ಸಿಎಫ್‌ಆರ್ ಭಾಗ 11 ಎಂಬ ಅಲ್ಲಿನ ನಿಯಮ ಇದೆ. ಯಾರು, ಯಾವಾಗ, ಏನು ಬದಲಾಯಿಸಿದರು ಎಂಬುದರ ದಾಖಲೆ ಬೇಕೇ ಬೇಕು. ಪಟ್ಟಿಗೆ ಒಂದು ಫೈಲ್ ಸೇರಿಸಿದರೂ ಅದು ಒಂದು ಚೇಂಜ್. ಅದೇ ಶಿಸ್ತನ್ನು ಸಿಎ ಆಫೀಸಿಗೆ ಹೇರಿದರೆ ಕೆಲಸ ನಿಂತುಹೋಗುತ್ತದೆ. ಒಂದು ರಿಜಿಸ್ಟರ್ ಇಟ್ಟರೆ ಸಾಕು. ತಾರೀಕು, ಫೈಲಿನ ಹೆಸರು, ಯಾರು ಕೇಳಿದರು, ಯಾರು ಒಪ್ಪಿದರು, ಯಾಕೆ. ಐದೇ ಕಾಲಂ.

ಇನ್ನೊಂದು. ಯಾವುದೇ ಸಾಫ್ಟ್‌ವೇರ್‌ನವರು "ನಮ್ಮ ಫೋಲ್ಡರ್‌ಗೆ ವಿನಾಯಿತಿ ಕೊಡಿ, ಇಲ್ಲದಿದ್ದರೆ ಓಡುವುದಿಲ್ಲ" ಅಂದರೆ ಸುಮ್ನೆ ಒಪ್ಪಬೇಡಿ. 2021ರ ಜುಲೈನಲ್ಲಿ ಕಸೇಯಾ ಎಂಬ ರಿಮೋಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಮೂಲಕ ರ‍್ಯಾನ್ಸಮ್‌ವೇರ್ ಹರಡಿದ್ದು ಹೀಗೇ. ಆಂಟಿವೈರಸ್‌ನಲ್ಲಿ ವಿನಾಯಿತಿ ಕೊಡಿ ಅಂತ ಹೇಳಿದ್ದ ಫೋಲ್ಡರ್‌ಗೇ ಕಳ್ಳರು ಫೈಲ್ ಇಳಿಸಿದರು.

ಹಿಂಜವಡಿ_ಸೆಕ್ಯುರಿಟಿ

ಆ್ಯಪ್‌ಲಾಕರ್ ಪುಕ್ಕಟೆ ಅಂತ ಎಲ್ಲರೂ ಖುಷಿಪಡುವ ಮುಂಚೆ ಅದರ ತೂತುಗಳನ್ನೂ ಹೇಳಬೇಕು.

2017ರ ಜೂನ್ ನೆನಪಿದೆಯಾ? ನಾಟ್‌ಪೆಟ್ಯಾ ಎಂಬ ಮಾಲ್‌ವೇರ್, ಅಂದರೆ ಹಾಳು ಮಾಡುವ ಪ್ರೋಗ್ರಾಂ. ನಮ್ಮ ನವಾ ಶೇವಾದ ಜೆಎನ್‌ಪಿಟಿ ಬಂದರಿನಲ್ಲಿ ಹಡಗು ಕಂಪನಿ ಮೇರ್ಸ್ಕ್ ಗುಂಪಿನ ಟರ್ಮಿನಲ್ ನಿಂತುಹೋಯಿತು. ಅದು ಶುರುವಾದದ್ದು ಉಕ್ರೇನ್‌ನ ಒಂದು ಅಕೌಂಟಿಂಗ್ ಸಾಫ್ಟ್‌ವೇರ್‌ನ ಅಪ್‌ಡೇಟ್‌ನಿಂದ. ಅಂದರೆ ಪಟ್ಟಿಯಲ್ಲಿ ಒಪ್ಪಿದ್ದ ಪ್ರೋಗ್ರಾಂನಿಂದಲೇ. ಮತ್ತೆ ಆ ಮಾಲ್‌ವೇರ್ ಡಿಎಲ್‌ಎಲ್ (ತಾನಾಗಿ ಓಡದೆ ಬೇರೆ ಪ್ರೋಗ್ರಾಂ ಮೂಲಕ ಓಡುವ ಫೈಲು) ರೂಪದಲ್ಲಿ ಬಂದು ರನ್‌ಡಿಎಲ್‌ಎಲ್32 ಮೂಲಕ ಓಡಿತು. ರನ್‌ಡಿಎಲ್‌ಎಲ್32 ವಿಂಡೋಸ್‌ನದೇ ಫೈಲು, ಮೈಕ್ರೋಸಾಫ್ಟ್ ಸಹಿ ಇರುತ್ತದೆ. ಆ್ಯಪ್‌ಲಾಕರ್‌ನಲ್ಲಿ ಡಿಎಲ್‌ಎಲ್ ನಿಯಮ ತಾನಾಗಿ ಆನ್ ಆಗಿರುವುದಿಲ್ಲ. ಎಂಎಸ್‌ಎಚ್‌ಟಿಎ, ರೆಗ್‌ಎಸ್‌ವಿಆರ್32 ಕೂಡ ಇದೇ ಜಾತಿ. ಕಳ್ಳರು ಹೊಸ ಫೈಲ್ ತರುವುದೇ ಇಲ್ಲ, ಮನೆಯಲ್ಲಿರುವ ಫೈಲನ್ನೇ ಬಳಸುತ್ತಾರೆ. ವಿಂಡೋಸ್ ಫೋಲ್ಡರ್ ಒಳಗೆ ಸಾಮಾನ್ಯ ಯೂಸರ್ ಬರೆಯಬಲ್ಲ ಜಾಗಗಳೂ ಇವೆ, ಟೆಂಪ್, ಟಾಸ್ಕ್ಸ್ ಇತ್ಯಾದಿ. ಡೀಫಾಲ್ಟ್ ನಿಯಮ ಅವನ್ನೂ ಬಿಟ್ಟುಬಿಡುತ್ತದೆ.

ಸಹಿ ಇದ್ದರೆ ನಂಬಬಹುದು ಅನ್ನುವುದೂ ಪೂರ್ತಿ ಸರಿಯಲ್ಲ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಮಾಲ್‌ವೇರ್‌ನ ಡ್ರೈವರ್‌ಗಳಿಗೆ ಕದ್ದ ಸರ್ಟಿಫಿಕೇಟ್‌ನ ಸಹಿ ಇತ್ತು. ಬಿಟ್9 ಎಂಬ ಕಂಪನಿಗೇ ಕಳ್ಳರು ನುಗ್ಗಿ ಅವರ ಸಹಿಯಿಂದಲೇ ಮಾಲ್‌ವೇರ್‌ಗೆ ಮುದ್ರೆ ಒತ್ತಿದ್ದು 2013ರಲ್ಲಿ ಬೆಳಕಿಗೆ ಬಂತು. ಅವರ ವ್ಯಾಪಾರವೇ ಒಪ್ಪಿದ್ದರ ಪಟ್ಟಿ ಮಾರುವುದಾಗಿತ್ತು.

ಮೈಕ್ರೋಸಾಫ್ಟ್‌ನದೇ ಇನ್ನೊಂದಿದೆ. ಮೊದಲು ಡಬ್ಲ್ಯೂಡ್ಯಾಕ್ ಅನ್ನುತ್ತಿದ್ದರು, ಈಗ ಆ್ಯಪ್ ಕಂಟ್ರೋಲ್ ಫಾರ್ ಬಿಸಿನೆಸ್. ಅದು ವಿಂಡೋಸ್‌ನ ತಿರುಳಾದ ಕರ್ನಲ್ ಮಟ್ಟದಿಂದ ಹಿಡಿಯುತ್ತದೆ, ಅಡ್ಮಿನ್‌ಗೂ ಅನ್ವಯಿಸುತ್ತದೆ, ಡ್ರೈವರ್‌ಗಳನ್ನೂ ನೋಡುತ್ತದೆ. ಮೈಕ್ರೋಸಾಫ್ಟ್ ಅದರಲ್ಲಿ ಸಿಕ್ಕ ತೂತನ್ನು ಸೆಕ್ಯುರಿಟಿ ದೋಷ ಅಂತಲೇ ಸರಿಪಡಿಸುತ್ತದೆ, ಆ್ಯಪ್‌ಲಾಕರ್‌ಗೆ ಆ ಭರವಸೆ ಇಲ್ಲ.

ಭೋಸರಿ_ಸಿಸ್ಟಮ್ಸ್

ಇದೆಲ್ಲ ಒಪ್ಪುವ ಮಾತು. ಸರ್ ಹೇಳಿದ್ದರಲ್ಲಿ ಮೇಡಂ ಈಗಲೇ ಮಾಡಬಹುದಾದದ್ದನ್ನು ಹೇಳುತ್ತೇನೆ. ಎಂಎಸ್‌ಎಚ್‌ಟಿಎ ಸಿಎ ಆಫೀಸಿಗೆ ಬೇಡ, ಬ್ಲಾಕ್ ಮಾಡಿ. ತಡೆಯಬೇಕಾದ ಇಂಥ ಫೈಲ್‌ಗಳ ಪಟ್ಟಿಯನ್ನು ಮೈಕ್ರೋಸಾಫ್ಟೇ ಕೊಡುತ್ತದೆ. ವಿಂಡೋಸ್ ಒಳಗಿನ ಬರೆಯಬಲ್ಲ ಫೋಲ್ಡರ್‌ಗಳನ್ನು ನಿಯಮದಿಂದ ಹೊರಗಿಡಿ. ಸ್ಕ್ರಿಪ್ಟ್ ನಿಯಮ ಜಾರಿ ಮಾಡಿದರೆ ಪವರ್‌ಶೆಲ್ (ವಿಂಡೋಸ್‌ಗೆ ಕಮಾಂಡ್ ಕೊಡುವ ಟೂಲ್) ತಾನಾಗಿ ಕಟ್ಟುಪಾಡಿನ ಮೋಡ್‌ಗೆ ಹೋಗುತ್ತದೆ, ಅದೇ ದೊಡ್ಡ ಲಾಭ.

ಆ್ಯಪ್ ಕಂಟ್ರೋಲ್ ಫಾರ್ ಬಿಸಿನೆಸ್ ಗಟ್ಟಿಯಾದದ್ದು ನಿಜ. ಆದರೆ ವಾರಕ್ಕೊಮ್ಮೆ ಬರುವ ಎಂಜಿನಿಯರ್ ಕೈಗೆ ಅದನ್ನು ಕೊಟ್ಟರೆ ಡಿಎಸ್‌ಸಿ ಟೋಕನ್ ಡ್ರೈವರ್ ಅಪ್‌ಡೇಟ್ ಆದ ದಿನ ಸಹಿ ಹಾಕುವುದೇ ನಿಲ್ಲಬಹುದು. ಆಫೀಸಿನಲ್ಲಿ ಪ್ರೋಕ್ಸ್‌ಕೀ, ಇಪಾಸ್ ಎರಡೂ ಟೋಕನ್ ಇರುತ್ತವೆ, ಅಲ್ವಾ ಮೇಡಂ? ಸರ್ವರ್‌ಗೆ ಮಾತ್ರ ಅದನ್ನು ಹಾಕಿ. ಸರ್ವರ್‌ನಲ್ಲಿ ಓಡುವುದು ಕಡಿಮೆ, ಬದಲಾಗುವುದೂ ಕಡಿಮೆ. ನಮ್ಮ ಕಾರ್ಖಾನೆಯಲ್ಲೂ ಹಾಗೇ. ಸಿಎನ್‌ಸಿ ಯಂತ್ರದ ಪಕ್ಕದ ಹಳೇ ವಿಂಡೋಸ್ ಎಕ್ಸ್‌ಪಿ ಸಿಸ್ಟಮ್‌ಗೆ ಆಂಟಿವೈರಸ್ ಹಾಕಿದರೆ ಯಂತ್ರ ತಡವರಿಸುತ್ತದೆ. ಅಲ್ಲಿ ಎಕ್ಸ್‌ಪಿಯಲ್ಲೇ ಇರುವ ಸಾಫ್ಟ್‌ವೇರ್ ರಿಸ್ಟ್ರಿಕ್ಷನ್ ಪಾಲಿಸಿ ಹಾಕಿದ್ದೇವೆ. ಆಪರೇಟರ್ ಪೆನ್‌ಡ್ರೈವ್‌ನಿಂದ ಪಾರ್ಟ್ ಪ್ರೋಗ್ರಾಂ ಕಾಪಿ ಮಾಡುತ್ತಾನೆ, ಆ ಪೆನ್‌ಡ್ರೈವ್‌ನಲ್ಲಿ ಇರುವ ಬೇರೆ ಯಾವುದೂ ಓಡುವುದಿಲ್ಲ.

ಫೋರ್ಟ್_ಸಿಎ_ಆಫೀಸು

ತುಂಬ ಧನ್ಯವಾದ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಹೌದು ಸರ್, ಎರಡೂ ಬಗೆಯ ಟೋಕನ್ ಇವೆ.

"ನಮಸ್ಕಾರ" ಪರೀಕ್ಷೆ ಮಾಡಿಸಿದೆವು. ಒಬ್ಬರದ್ದು ಆರಾಮಾಗಿ ಓಡಿತು, ಅವರು "ಇದು ವೈರಸ್ ಅಲ್ಲವಲ್ಲ, ಯಾಕೆ ತಡೆಯಬೇಕು" ಅಂದರು. ಎರಡನೆಯವರದ್ದು ನೆಟ್ ಇದ್ದಾಗ ತಡೆಯಿತು, ನೆಟ್ ತೆಗೆದಾಗ ಬಿಟ್ಟಿತು. ಮೂರನೆಯದು ಎರಡೂ ಸಲ ತಡೆಯಿತು, ಅದೇ ದುಬಾರಿಯದು. ಒಪ್ಪಿಗೆ ಎಷ್ಟು ಹೊತ್ತಿನಲ್ಲಿ ಕೊಡುತ್ತೀರಿ ಅಂತ ಕೇಳಿದ್ದಕ್ಕೆ ಅವರ ಉತ್ತರ ಇನ್ನೂ ಬಂದಿಲ್ಲ.

ಪಾರ್ಟ್‌ನರ್‌ಗಳ ಜೊತೆ ಕೂತು ಮಾತಾಡಿದೆ. ಮೊದಲು ಆ್ಯಪ್‌ಲಾಕರ್ ಆಡಿಟ್ ಮೋಡ್, ಒಂದು ಟಿಡಿಎಸ್ ರಿಟರ್ನ್ ಮುಗಿಯುವ ತನಕ. ಆಮೇಲೆ ಜಾರಿ. ಒಪ್ಪಿಗೆ ಕೊಡುವ ಅಧಿಕಾರ ನನಗೆ ಮತ್ತು ಸಿಎ ತರಬೇತಿಯಲ್ಲಿರುವ ಒಬ್ಬ ಸೀನಿಯರ್ ಆರ್ಟಿಕಲ್‌ಗೆ. ರಿಜಿಸ್ಟರ್ ಇಡುತ್ತೇವೆ. ದುಬಾರಿಯದನ್ನು ಕೊಳ್ಳಬೇಕಾ ಅನ್ನುವುದನ್ನು ಆ ಲಾಗ್ ನೋಡಿ ತೀರ್ಮಾನಿಸುತ್ತೇವೆ.

ಎರಡು ಅನುಮಾನ ಉಳಿದಿವೆ. ಆರ್‌ಪಿಯು ಜಾವಾದಲ್ಲಿ ಓಡುತ್ತದೆ, ಜಿಪ್ ಬಿಚ್ಚಿ ಡಿ ಡ್ರೈವ್‌ಗೆ ಹಾಕುತ್ತೇವೆ. ಅದನ್ನು ಆ್ಯಪ್‌ಲಾಕರ್ ಹೇಗೆ ನೋಡುತ್ತದೆ? ಇನ್ನೊಂದು, ವಾರ್ಷಿಕ ರಿಟರ್ನ್ ಜಿಎಸ್‌ಟಿಆರ್-9ರ ಆಫ್‌ಲೈನ್ ಟೂಲ್ ಎಕ್ಸೆಲ್ ಮ್ಯಾಕ್ರೋ, ಅಂದರೆ ಎಕ್ಸೆಲ್ ಫೈಲಿನೊಳಗೇ ಓಡುವ ಪ್ರೋಗ್ರಾಂ. ಅದು ನಿಲ್ಲುತ್ತದಾ?

ಭೋಸರಿ_ಸಿಸ್ಟಮ್ಸ್

ಒಳ್ಳೆಯ ಪ್ರಶ್ನೆ. ಎರಡನ್ನೂ ಆ್ಯಪ್‌ಲಾಕರ್ ನೋಡುವುದೇ ಇಲ್ಲ.

ಜಾವಾದ ಜಾರ್ ಫೈಲು ಅದರ ಲೆಕ್ಕದಲ್ಲಿ ಪ್ರೋಗ್ರಾಂ ಅಲ್ಲ. ಓಡುತ್ತಿರುವುದು ಪ್ರೋಗ್ರಾಂ ಫೈಲ್ಸ್‌ನಲ್ಲಿರುವ ಜಾವಾ, ಅದಕ್ಕೆ ಒಪ್ಪಿಗೆ ಇದೆ. ಹಾಗಾಗಿ ಆರ್‌ಪಿಯು ಓಡುತ್ತದೆ. ಮೇಲ್‌ನಲ್ಲಿ ಬಂದ ಕೆಟ್ಟ ಜಾರ್ ಕೂಡ ಓಡುತ್ತದೆ. ಅದಕ್ಕೆ ನಾನು ಹೇಳುವುದು, ಟಿಡಿಎಸ್‌ಗೆ ಒಂದೇ ಸಿಸ್ಟಮ್ ಮೀಸಲಿಡಿ. ಜಾವಾ ಅದರಲ್ಲಿ ಮಾತ್ರ ಇರಲಿ, ಉಳಿದ 21ರಿಂದ ತೆಗೆದುಹಾಕಿ. ಆ ಸಿಸ್ಟಮ್‌ನಲ್ಲಿ ಮೇಲ್ ತೆರೆಯುವುದು ಬೇಡ. ಕಂಪನಿ ಕ್ಲೈಂಟ್‌ಗಳ ಜಿಎಸ್‌ಟಿ ರಿಟರ್ನ್‌ಗೆ ಡಿಎಸ್‌ಸಿ ಬೇಕಲ್ಲ, ಎಮ್‌ಸೈನರ್ ಕೂಡ ಅದರಲ್ಲೇ ಇಟ್ಟರೆ ಟೋಕನ್‌ಗಳೂ ಒಂದೇ ಕಡೆ ಇರುತ್ತವೆ.

ಒಂದು ಅಡಚಣೆ ಬರಬಹುದು. ಆರ್‌ಪಿಯು ಫೋಲ್ಡರ್‌ನಲ್ಲಿ ಬ್ಯಾಚ್ ಫೈಲ್ ಇದ್ದು ಅದರಿಂದ ತೆರೆಯುತ್ತಿದ್ದರೆ ಸ್ಕ್ರಿಪ್ಟ್ ನಿಯಮ ಅದನ್ನು ಹಿಡಿಯುತ್ತದೆ. ಆ ಒಂದು ಬ್ಯಾಚ್ ಫೈಲಿಗೆ ಹ್ಯಾಶ್ ನಿಯಮ ಹಾಕಿ. ಹೊಸ ಆವೃತ್ತಿ ಇಳಿಸಿಕೊಂಡಾಗ ಮತ್ತೆ ಹಾಕಬೇಕು. ರಿಟರ್ನ್ ಕೊಡುವ ವಾರದಲ್ಲೇ ಹೊಸ ಆವೃತ್ತಿ ಬರುವುದುಂಟು, ಅದಕ್ಕೇ ಒಪ್ಪಿಗೆ ಕೊಡುವವರು ಆಫೀಸಿನಲ್ಲೇ ಇರಬೇಕು ಅಂದದ್ದು.

ಮ್ಯಾಕ್ರೋ ವಿಷಯದಲ್ಲೂ ಓಡುತ್ತಿರುವುದು ಎಕ್ಸೆಲ್. ನೆಟ್‌ನಿಂದ ಇಳಿಸಿದ ಫೈಲಿನ ಮ್ಯಾಕ್ರೋವನ್ನು ಎಂಎಸ್ ಆಫೀಸ್ ಈಗ ತಾನಾಗಿ ತಡೆಯುತ್ತದೆ, 2022ರಿಂದ. ಜಿಎಸ್‌ಟಿ ಟೂಲ್‌ಗೆ ಮಾತ್ರ ಫೈಲ್ ಪ್ರಾಪರ್ಟೀಸ್‌ಗೆ ಹೋಗಿ ಅನ್‌ಬ್ಲಾಕ್ ಮಾಡಿ. ಆ ತಡೆಯನ್ನು ಎಲ್ಲರಿಗೂ ತೆಗೆದುಬಿಡುವ ಸೆಟ್ಟಿಂಗ್ ಯಾರಾದರೂ ಸೂಚಿಸಿದರೆ ಕೇಳಬೇಡಿ. ಜೊತೆಗೆ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್‌ನ ಎಎಸ್‌ಆರ್ (ದಾಳಿಯ ದಾರಿಗಳನ್ನು ಕಡಿಮೆ ಮಾಡುವ) ನಿಯಮಗಳಲ್ಲಿ, ಎಂಎಸ್ ಆಫೀಸ್ ಪ್ರೋಗ್ರಾಂಗಳು ಬೇರೆ ಪ್ರೋಗ್ರಾಂ ಹುಟ್ಟಿಸದಂತೆ ತಡೆಯುವ ಒಂದಿದೆ. ಅದನ್ನೂ ಮೊದಲು ಆಡಿಟ್‌ನಲ್ಲಿ ಹಾಕಿ ನೋಡಿ. ಬೇರೆ ಆಂಟಿವೈರಸ್ ಇದ್ದು ಡಿಫೆಂಡರ್ ಮಲಗಿದ್ದರೆ ಇದು ಸಿಗುವುದಿಲ್ಲ.

ಟ್ಯಾಲಿಗೆ ಹೆಚ್ಚುವರಿಯಾಗಿ ಸೇರಿಸುವ ಟಿಡಿಎಲ್ ಕೋಡ್ ಕೂಡ ಹೀಗೇ, ಟ್ಯಾಲಿಯೊಳಗೆ ಓಡುತ್ತದೆ, ಹೊರಗಿನ ಪಟ್ಟಿಗೆ ಕಾಣುವುದಿಲ್ಲ. ಯಾರ ಟಿಡಿಎಲ್ ಹಾಕಿದ್ದೀರಿ ಅಂತ ಟ್ಯಾಲಿಯಲ್ಲೇ ನೋಡಿ.

ಹಿಂಜವಡಿ_ಸೆಕ್ಯುರಿಟಿ

ಮೇಡಂ, ನಿಮ್ಮ ಕ್ರಮ ಸರಿಯಿದೆ. ನಾನು ಇಡಿಆರ್ ಅಂದದ್ದನ್ನು ಬಿಡುವುದಿಲ್ಲ, ಆದರೆ ಎರಡನೇ ಹಂತಕ್ಕೆ ಇಡಿ. ಆಗ ಮಾರುವವರನ್ನು ಒಂದು ಪ್ರಶ್ನೆ ಕೇಳಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಇಡಿಆರ್ ಕಂಪನಿಯ ಒಂದು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಸಿಸ್ಟಮ್ ಕುಸಿದವು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ನಿಮ್ಮ ಅಪ್‌ಡೇಟ್ ಎಲ್ಲ ಸಿಸ್ಟಮ್‌ಗೂ ಒಂದೇ ಸಲ ಬರುತ್ತದಾ, ಮೊದಲು ಎರಡಕ್ಕೆ ಬಿಟ್ಟು ನೋಡಲು ಆಗುತ್ತದಾ ಅಂತ ಕೇಳಿ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿದ್ದರೆ ರಿಕವರಿ ಕೀಗಳನ್ನು ಪ್ರಿಂಟ್ ಮಾಡಿ ಲಾಕರ್‌ನಲ್ಲಿಡಿ. ಅವತ್ತು ಸೇಫ್ ಮೋಡ್‌ಗೆ ಹೋಗಲು ಕೀ ಸಿಗದೆ ಒದ್ದಾಡಿದವರು ಬಹಳ.

ಎನಿಡೆಸ್ಕ್ ಬಗ್ಗೆ ಯಾರೂ ಹೇಳಲಿಲ್ಲ. ಅದಕ್ಕೆ ಸಹಿ ಇದೆ, ಹಾಗಾಗಿ ತಯಾರಕರ ಸಹಿಯ ನಿಯಮ ಹಾಕಿದರೆ ಡೌನ್‌ಲೋಡ್ಸ್‌ನಿಂದಲೂ ಓಡುತ್ತದೆ. ಬ್ಯಾಂಕಿನವರು ಅಂತ ಫೋನ್ ಮಾಡುವ ಮೋಸಗಾರರು ಇಳಿಸಲು ಹೇಳುವುದೂ ಇಂಥದ್ದನ್ನೇ. ಇನ್‌ಸ್ಟಾಲ್ ಮಾಡಿದ ಒಂದು ಪ್ರತಿಗೆ ಮಾತ್ರ ಒಪ್ಪಿಗೆ ಕೊಡಿ, ಅದೂ ಸಪೋರ್ಟ್ ಬೇಕಾದ ಸಿಸ್ಟಮ್‌ಗಳಲ್ಲಿ. ಉಳಿದ ರಿಮೋಟ್ ಟೂಲ್‌ಗಳನ್ನೆಲ್ಲ ಹೆಸರು ಹಿಡಿದು ಬ್ಲಾಕ್ ಮಾಡಿ.

ಠಾಣೆ_ರೀಸೆಲರ್

ಲಾಗ್ ವಿಷಯ ಒಂದು ಸೇರಿಸುತ್ತೇನೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ, ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ಕ್ಲೈಂಟ್‌ಗಳ ಪ್ಯಾನ್, ಸಂಬಳದ ವಿವರ ಎಲ್ಲ ನಿಮ್ಮ ಹತ್ತಿರ ಇರುವುದರಿಂದ 2023ರ ಡೇಟಾ ಸಂರಕ್ಷಣೆ ಕಾಯ್ದೆಯೂ ನಿಮಗೆ ಸಂಬಂಧಪಟ್ಟದ್ದೇ. ತಕ್ಕ ಭದ್ರತೆ ಇಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಪಾರ್ಟ್‌ನರ್‌ಗಳಿಗೆ ಬಜೆಟ್ ಕೇಳುವಾಗ ಇದನ್ನು ಮುಂದಿಡಿ.

ಫೋರ್ಟ್_ಸಿಎ_ಆಫೀಸು

ಎಲ್ಲವನ್ನೂ ಬರೆದುಕೊಂಡೆ. ಸೋಮವಾರ ಎಂಜಿನಿಯರ್ ಬಂದಾಗ ಆಡಿಟ್ ಮೋಡ್ ಹಾಕಿಸುತ್ತೇನೆ. ಅವತ್ತು ಮರೆಯಬಾರದ್ದು ಏನಾದರೂ ಇದ್ದರೆ ಹೇಳಿ.

ಭೋಸರಿ_ಸಿಸ್ಟಮ್ಸ್

ಮೂರು ಕೆಲಸ ಮೇಡಂ. ಆ್ಯಪ್ಲಿಕೇಶನ್ ಐಡೆಂಟಿಟಿ ಎಂಬ ಸರ್ವಿಸ್ ಓಡುತ್ತಿರಬೇಕು, ಇಲ್ಲದಿದ್ದರೆ ಲಾಗ್ ಖಾಲಿ ಇರುತ್ತದೆ. ಎಲ್ಲ ಸರಿಯಿದೆ ಅಂತ ಅಂದುಕೊಂಡುಬಿಡುತ್ತೀರಿ. ಸರ್ವೀಸಸ್ ಕಿಟಕಿಯಲ್ಲಿ ಅದನ್ನು ಆಟೋಮ್ಯಾಟಿಕ್ ಮಾಡಲು ಬಿಡುವುದಿಲ್ಲ, ಗ್ರೂಪ್ ಪಾಲಿಸಿಯಿಂದ ಮಾಡಿಸಿ. ಆ್ಯಪ್‌ಲಾಕರ್ ಲಾಗ್‌ನ ಸೈಜ್ ಚಿಕ್ಕದಿರುತ್ತದೆ, ಹಳೆಯದರ ಮೇಲೆ ಹೊಸದು ಬರೆದುಬಿಡುತ್ತದೆ, ಮೊದಲೇ ದೊಡ್ಡದು ಮಾಡಿಸಿ. ಮತ್ತೆ 22 ಸಿಸ್ಟಮ್‌ಗೂ ಓಡಾಡಿ ಲಾಗ್ ತೆಗೆಯುವುದು ಆಗದ ಮಾತು. ವಿಂಡೋಸ್‌ನಲ್ಲೇ ಇರುವ ಇವೆಂಟ್ ಫಾರ್ವರ್ಡಿಂಗ್‌ನಿಂದ ಎಲ್ಲವೂ ಸರ್ವರ್‌ಗೆ ಬಂದು ಸೇರಲಿ. ಸಂಜೆ ಹೋಗುವ ಮುಂಚೆ ಯಾವುದಾದರೂ ಸಿಸ್ಟಮ್‌ನ ಡೌನ್‌ಲೋಡ್ಸ್‌ನಿಂದ ಅದೇ "ನಮಸ್ಕಾರ" ಫೈಲ್ ಓಡಿಸಿ. ಅದರ 8003 ಸಾಲು ಸರ್ವರ್‌ನಲ್ಲಿ ಕಂಡ ಮೇಲೆಯೇ ಎಂಜಿನಿಯರ್ ಅವರನ್ನು ಕಳಿಸಿ.